ಎರಡು ಸುತ್ತು, ಎರಡು ದೇಶ

1996ರ ಜುಲೈ 31. ಅಮೆರಿಕದ ಅಟ್ಲಾಂಟಾ ನಗರದಲ್ಲಿ ಒಲಿಂಪಿಕ್ ಕ್ರೀಡಾಕೂಟದ ಪುರುಷರ 800 ಮೀಟರ್ ಓಟದ ಫೈನಲ್. ಎಂಟು ಮಂದಿ ಗೆರೆಯ ಮೇಲೆ ನಿಂತಿದ್ದರು. ನಾರ್ವೆಯ ವೆಬ್ಯೋರ್ನ್ ರೋಡಲ್ 1 ನಿಮಿಷ 42.58 ಸೆಕೆಂಡುಗಳಲ್ಲಿ ಓಡಿ, ಹೊಸ ಒಲಿಂಪಿಕ್ ದಾಖಲೆಯೊಂದಿಗೆ ಚಿನ್ನ ಗೆದ್ದರು. ದಕ್ಷಿಣ ಆಫ್ರಿಕದ ಹೆಜೆಕಿಯಲ್ ಸೆಪೆಂಗ್‌ಗೆ ಬೆಳ್ಳಿ, ಕೀನ್ಯಾದ ಫ್ರೆಡ್ ಒನ್ಯಾಂಚಾಗೆ ಕಂಚು.

ಆದರೆ ಆ ವರ್ಷ ಈ ದೂರವನ್ನು ಜಗತ್ತಿನಲ್ಲೇ ಅತಿ ವೇಗವಾಗಿ ಓಡಿದ ಆಟಗಾರ ಆ ಎಂಟು ಮಂದಿಯಲ್ಲಿ ಇರಲಿಲ್ಲ. ಅವರಿಗೆ ಗಾಯವಾಗಿರಲಿಲ್ಲ. ಉದ್ದೀಪನ ಮದ್ದು ಸೇವಿಸಿ ಸಿಕ್ಕಿಬಿದ್ದಿರಲಿಲ್ಲ. ಅರ್ಹತಾ ಸುತ್ತಿನಲ್ಲಿ ಸೋತೂ ಇರಲಿಲ್ಲ. ಅವರ ಬಳಿ ಇಲ್ಲದೆ ಹೋದದ್ದು ಒಂದೇ ಒಂದು ಕಾಗದ, ಡೆನ್ಮಾರ್ಕಿನ ಪೌರತ್ವ ಪತ್ರ.

ಅವರ ಹೆಸರು ವಿಲ್ಸನ್ ಕಿಪ್‌ಕೆಟರ್. ಅಟ್ಲಾಂಟಾ ಫೈನಲ್ ಮುಗಿದು ಸುಮಾರು ಒಂದು ತಿಂಗಳಿಗೆ, ಸೆಪ್ಟೆಂಬರ್ 1ರಂದು, ಇಟಲಿಯ ರಿಯೇಟಿ ಎಂಬ ಊರಿನಲ್ಲಿ ಅವರು ಇದೇ ದೂರವನ್ನು 1 ನಿಮಿಷ 41.83 ಸೆಕೆಂಡುಗಳಲ್ಲಿ ಓಡಿದರು. ಒಲಿಂಪಿಕ್ ಚಿನ್ನ ತಂದುಕೊಟ್ಟ ವೇಗಕ್ಕಿಂತ ಅದು ಮುಕ್ಕಾಲು ಸೆಕೆಂಡ್ ಮುಂದೆ. ಆ ವರ್ಷ 800 ಮೀಟರಿನಲ್ಲಿ ಅವರನ್ನು ಸೋಲಿಸಿದವರೇ ಇಲ್ಲ. ಆದರೂ ಒಲಿಂಪಿಕ್ ಪದಕ ಪಟ್ಟಿಯಲ್ಲಿ 1996ರ ಸಾಲಿನಲ್ಲಿ ಅವರ ಹೆಸರು ಕಾಣುವುದಿಲ್ಲ.

ಓಟಗಾರನ ವೇಗ ಅಳೆಯಲು ಗಡಿಯಾರ ಸಾಕು. ಆತ ಯಾವ ದೇಶದವನು ಎಂಬುದನ್ನು ಅಳೆಯುವುದು ಹೇಗೆ? ಕಿಪ್‌ಕೆಟರ್ ಅವರ ಓಟದ ಬದುಕು ಈ ಪ್ರಶ್ನೆಯ ಸುತ್ತ ಸುತ್ತಿದೆ.

ಬೆಟ್ಟದ ಮೇಲಿನ ಶಾಲೆ

ಕಿಪ್‌ಕೆಟರ್ ಹುಟ್ಟಿದ್ದು ಡೆನ್ಮಾರ್ಕಿನಲ್ಲಲ್ಲ, ಕೀನ್ಯಾದಲ್ಲಿ. 1972ರ ಡಿಸೆಂಬರ್ 12ರಂದು, ರಿಫ್ಟ್ ಕಣಿವೆ ಸೀಮೆಯ ಕಪ್‌ಚೆಮೊಯ್ವೊ ಎಂಬ ಹಳ್ಳಿಯಲ್ಲಿ. ಜಗತ್ತಿನ ಟ್ರ್ಯಾಕ್‌ಗಳನ್ನು ದಶಕಗಳಿಂದ ಆಳುತ್ತಿರುವ ಕಲೆಂಜಿನ್ ಜನರ ನಾಡು ಅದು. ಹುಡುಗನ ಕಾಲಿನಲ್ಲಿ ಏನೋ ಇದೆ ಎಂದು ಮೊದಲು ಗುರುತಿಸಿದವರು ಮೈಕ್ ಬೋಯಿಟ್. 1972ರ ಮ್ಯೂನಿಕ್ ಒಲಿಂಪಿಕ್‌ನ 800 ಮೀಟರಿನಲ್ಲಿ ಕಂಚು ಗೆದ್ದವರು.

ಬೋಯಿಟ್ ಅವರ ಕಥೆಯನ್ನೂ ಇಲ್ಲಿ ನೆನೆಯಬೇಕು. ಮ್ಯೂನಿಕ್ ನಂತರದ ವರ್ಷಗಳಲ್ಲಿ ಅವರು ಜಗತ್ತಿನ ಅತ್ಯುತ್ತಮ 800 ಮೀಟರ್ ಓಟಗಾರರಲ್ಲಿ ಒಬ್ಬರು. ಆದರೆ 1976ರ ಮಾಂಟ್ರಿಯಲ್ ಒಲಿಂಪಿಕ್ ಅನ್ನು ಆಫ್ರಿಕದ ಬಹಳಷ್ಟು ದೇಶಗಳು ಬಹಿಷ್ಕರಿಸಿದವು. ವರ್ಣಭೇದ ನೀತಿಯ ದಕ್ಷಿಣ ಆಫ್ರಿಕಕ್ಕೆ ರಗ್ಬಿ ತಂಡ ಕಳಿಸಿದ್ದ ನ್ಯೂಜಿಲೆಂಡನ್ನು ಕೂಟಕ್ಕೆ ಸೇರಿಸಿಕೊಂಡದ್ದಕ್ಕೆ ಅದು ಪ್ರತಿಭಟನೆ. ಕೀನ್ಯಾ ಹೋಗಲಿಲ್ಲ, ಬೋಯಿಟ್ ಓಡಲಿಲ್ಲ. 1980ರ ಮಾಸ್ಕೊ ಕೂಟಕ್ಕೂ ಕೀನ್ಯಾ ಹೋಗಲಿಲ್ಲ.

ಆ ಮಾಂಟ್ರಿಯಲ್ ಫೈನಲ್ ಭಾರತೀಯರಿಗೂ ಮರೆಯಲಾಗದ್ದು. ನಮ್ಮ ಶ್ರೀರಾಮ್ ಸಿಂಗ್ ಮೊದಲ ಸುತ್ತಿನಲ್ಲಿ ಎಲ್ಲರಿಗಿಂತ ಮುಂದಿದ್ದು, ಕೊನೆಗೆ 1 ನಿಮಿಷ 45.77 ಸೆಕೆಂಡುಗಳಲ್ಲಿ ಏಳನೆಯವರಾದರು. ಆ ರಾಷ್ಟ್ರೀಯ ದಾಖಲೆಯನ್ನು ಮುರಿಯಲು ಭಾರತ 42 ವರ್ಷ ಕಾಯಬೇಕಾಯಿತು. 2018ರಲ್ಲಿ ಜಿನ್ಸನ್ ಜಾನ್ಸನ್ ಮುರಿದರು. ಬೋಯಿಟ್ ಇದ್ದಿದ್ದರೆ ಆ ಓಟ ಹೇಗಿರುತ್ತಿತ್ತು ಎಂದು ಈಗಲೂ ಕ್ರೀಡಾಪ್ರಿಯರು ಮಾತಾಡಿಕೊಳ್ಳುತ್ತಾರೆ. ದೇಶದ ತೀರ್ಮಾನಕ್ಕೆ ತನ್ನ ಒಲಿಂಪಿಕ್ ಅನ್ನು ಬಿಟ್ಟುಕೊಟ್ಟ ಓಟಗಾರನೇ ಕಿಪ್‌ಕೆಟರ್ ಅವರನ್ನು ಗುರುತಿಸಿದ್ದು ಕಾಕತಾಳೀಯವಿರಬಹುದು. ಹುಡುಗನಿಗೂ ಮುಂದೆ ಅದೇ ಅನುಭವ ಬೇರೆ ರೂಪದಲ್ಲಿ ಕಾದಿತ್ತು.

ಬೋಯಿಟ್ ಹುಡುಗನಿಗೆ ತೋರಿಸಿದ ದಾರಿ ಇಟೆನ್ ಎಂಬ ಪುಟ್ಟ ಊರಿನ ಸೇಂಟ್ ಪ್ಯಾಟ್ರಿಕ್ಸ್ ಪ್ರೌಢಶಾಲೆಯದು. ಇಟೆನ್ ಇರುವುದು ಸಮುದ್ರ ಮಟ್ಟದಿಂದ ಸುಮಾರು 2,400 ಮೀಟರ್ ಎತ್ತರದಲ್ಲಿ. ಗಾಳಿಯಲ್ಲಿ ಆಮ್ಲಜನಕ ತೆಳುವಾಗಿರುವ ಇಂಥ ಕಡೆ ಬೆಳೆದವರ ರಕ್ತ ಆಮ್ಲಜನಕವನ್ನು ಹೆಚ್ಚು ಹೊರಲು ಒಗ್ಗಿಕೊಂಡಿರುತ್ತದೆ. ಆ ಶಾಲೆಗೆ 1976ರಲ್ಲಿ ಐರ್ಲೆಂಡಿನಿಂದ ಬ್ರದರ್ ಕೋಮ್ ಓಕಾನಲ್ ಎಂಬ ಕ್ರೈಸ್ತ ಸಂನ್ಯಾಸಿ ಭೂಗೋಳ ಕಲಿಸಲು ಬಂದಿದ್ದರು. ಓಟದ ತರಬೇತಿಯ ಅನುಭವ ಅವರಿಗೆ ಇರಲಿಲ್ಲ. ಮಕ್ಕಳು ಓಡುವುದನ್ನು ನೋಡಿ ನೋಡಿಯೇ ಕಲಿತರು. 1988ರ ಸೋಲ್ ಒಲಿಂಪಿಕ್‌ನಲ್ಲಿ 1500 ಮೀಟರ್ ಚಿನ್ನ ಗೆದ್ದ ಪೀಟರ್ ರೋನೊ ಇದೇ ಶಾಲೆಯ ಹುಡುಗ. ಕಿಪ್‌ಕೆಟರ್ ಕೂಡ ಇವರದೇ ಕೈಯಲ್ಲಿ ತಯಾರಾದರು.

1990ರಲ್ಲಿ ಕಿಪ್‌ಕೆಟರ್ ವಿದ್ಯಾರ್ಥಿ ವಿನಿಮಯ ಯೋಜನೆಯಲ್ಲಿ ಡೆನ್ಮಾರ್ಕಿಗೆ ಹೋದರು. ಎಲೆಕ್ಟ್ರಾನಿಕ್ ಎಂಜಿನಿಯರಿಂಗ್ ಓದುವುದು ಉದ್ದೇಶ. ಡೆನ್ಮಾರ್ಕ್ ಚಪ್ಪಟೆ ನೆಲದ ದೇಶ. ಅಲ್ಲಿನ ಅತಿ ಎತ್ತರದ ಜಾಗ 171 ಮೀಟರ್ ಮಾತ್ರ. ಬೆಟ್ಟದ ಮೇಲಿನ ಹುಡುಗ ಬಯಲಿಗೆ ಇಳಿದು, ಪೋಲೆಂಡ್ ಮೂಲದ ತರಬೇತುದಾರ ಸ್ಲಾವೊಮಿರ್ ನೊವಾಕ್ ಅವರ ಬಳಿ ಓಡತೊಡಗಿದರು. ಆ ದೇಶ ಹಿಡಿಸಿತು. ಅಲ್ಲಿಯೇ ನೆಲೆಸಲು ತೀರ್ಮಾನಿಸಿ ಪೌರತ್ವಕ್ಕೆ ಅರ್ಜಿ ಹಾಕಿದರು.

ಡೆನ್ಮಾರ್ಕಿಗೆ ಮಧ್ಯಮ ದೂರದ ಓಟ ಹೊಸದೇನಲ್ಲ. 1955ರಲ್ಲಿ ಆ ದೇಶದ ಗುನ್ನಾರ್ ನೀಲ್ಸನ್ 1500 ಮೀಟರಿನ ವಿಶ್ವ ದಾಖಲೆಯನ್ನು ಸರಿಗಟ್ಟಿದ್ದರು. ಆದರೆ ಅದು ಹಳೆಯ ಮಾತಾಗಿತ್ತು. ಅರ್ಧ ಕೋಟಿ ಜನರ ಆ ದೇಶಕ್ಕೆ ಕಿಪ್‌ಕೆಟರ್ ಅನಿರೀಕ್ಷಿತವಾಗಿ ಒದಗಿ ಬಂದ ಭಾಗ್ಯ.

ಏಳು ವರ್ಷದ ಕಾನೂನು

ತೊಡಕು ಶುರುವಾದದ್ದು ಇಲ್ಲಿ. ಡೆನ್ಮಾರ್ಕಿನ ಪೌರತ್ವ ಬೇಕಾದರೆ ಆಗಿನ ನಿಯಮದಂತೆ ಏಳು ವರ್ಷ ಆ ದೇಶದಲ್ಲಿ ವಾಸವಿರಬೇಕು. 1990ಕ್ಕೆ ಏಳು ಸೇರಿಸಿದರೆ 1997. ಒಲಿಂಪಿಕ್ ಬಂದದ್ದು 1996ರಲ್ಲಿ.

ಅಂತರರಾಷ್ಟ್ರೀಯ ಅಥ್ಲೆಟಿಕ್ ಫೆಡರೇಷನ್ ಇದನ್ನು ಸಡಿಲವಾಗಿ ನೋಡಿತು. ಒಂದು ದೇಶದಲ್ಲಿ ಸಾಕಷ್ಟು ಕಾಲ ನೆಲೆಸಿರುವವರು ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಆ ದೇಶದ ಪರ ಓಡಬಹುದು ಎಂದಿತು. ಹಾಗಾಗಿ 1995ರಲ್ಲಿ ಸ್ವೀಡನ್‌ನ ಗೋಥೆನ್‌ಬರ್ಗ್‌ನಲ್ಲಿ ಕಿಪ್‌ಕೆಟರ್ ಡೆನ್ಮಾರ್ಕಿನ ಕೆಂಪು ಬಿಳುಪು ಅಂಗಿ ತೊಟ್ಟು ಓಡಿ, 1 ನಿಮಿಷ 45.08 ಸೆಕೆಂಡುಗಳಲ್ಲಿ ವಿಶ್ವ ಚಾಂಪಿಯನ್ ಆದರು. ಮೂರನೆಯವರಾಗಿ ಬಂದವರು ಮರುವರ್ಷ ಅಟ್ಲಾಂಟಾದಲ್ಲಿ ಚಿನ್ನ ಗೆದ್ದ ಅದೇ ರೋಡಲ್.

ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಲೆಕ್ಕ ಬೇರೆ. ಒಲಿಂಪಿಕ್ ಸನ್ನದಿನ ಪ್ರಕಾರ ಆಟಗಾರ ತಾನು ಪ್ರತಿನಿಧಿಸುವ ದೇಶದ ಪ್ರಜೆಯೇ ಆಗಿರಬೇಕು. ವಾಸವಿದ್ದರೆ ಸಾಲದು, ಪೌರತ್ವ ಬೇಕು. ಡೆನ್ಮಾರ್ಕಿನ ವಿಶ್ವ ಚಾಂಪಿಯನ್ ಡೆನ್ಮಾರ್ಕಿನ ಒಲಿಂಪಿಕ್ ತಂಡದಲ್ಲಿ ಇರುವಂತಿಲ್ಲ ಎಂಬ ವಿಚಿತ್ರ ಸ್ಥಿತಿ ಹೀಗೆ ಉಂಟಾಯಿತು.

ಕಿಪ್‌ಕೆಟರ್ ಕೀನ್ಯಾ ಪರ ಓಡಬಹುದಿತ್ತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಆ ಯೋಚನೆಯನ್ನು ಅವರೇ ತಳ್ಳಿಹಾಕಿದರು. ನೆಲೆಸಲು ಆರಿಸಿಕೊಂಡ ದೇಶ ಒಂದಾದ ಮೇಲೆ, ಪದಕದ ಆಸೆಗಾಗಿ ಎರಡು ವಾರದ ಮಟ್ಟಿಗೆ ಹಳೆಯ ಅಂಗಿ ತೊಡಲು ಅವರು ಒಪ್ಪಲಿಲ್ಲ.

ಡೆನ್ಮಾರ್ಕ್ ಸರ್ಕಾರ ಮನಸ್ಸು ಮಾಡಿದ್ದರೆ ಒಂದು ವರ್ಷ ಮೊದಲೇ ಪೌರತ್ವ ಕೊಡಬಹುದಿತ್ತಲ್ಲ ಎಂಬುದು ಇನ್ನೊಂದು ಪ್ರಶ್ನೆ. ಇದಕ್ಕೆ ಮೊದಲು ಹಾಗೆ ನಡೆದ ಉದಾಹರಣೆ ಇದೆ. 1984ರಲ್ಲಿ ದಕ್ಷಿಣ ಆಫ್ರಿಕದ ಹದಿಹರೆಯದ ಓಟಗಾರ್ತಿ ಜೋಲಾ ಬಡ್ ಅವರಿಗೆ ಬ್ರಿಟನ್ ಕೆಲವೇ ವಾರಗಳಲ್ಲಿ ಪೌರತ್ವ ಕೊಟ್ಟು ಲಾಸ್ ಏಂಜಲೀಸ್ ಒಲಿಂಪಿಕ್‌ಗೆ ಕಳಿಸಿತು. ಅದರ ವಿರುದ್ಧ ಬ್ರಿಟನ್‌ನಲ್ಲೇ ಭಾರಿ ಗದ್ದಲವಾಯಿತು. ಸಾಮಾನ್ಯ ವಲಸಿಗ ವರ್ಷಗಟ್ಟಲೆ ಕಾಯುವಾಗ ಓಡಬಲ್ಲವಳಿಗೆ ಮಾತ್ರ ಬೇರೆ ಬಾಗಿಲೇ ಎಂದು ಜನ ಕೇಳಿದರು. ಡೆನ್ಮಾರ್ಕಿನಲ್ಲಿ ಕಿಪ್‌ಕೆಟರ್ ಅವರಿಗೆ ಅಂಥ ಬಾಗಿಲು ತೆರೆಯಲಿಲ್ಲ. ಕಾನೂನು ಎಲ್ಲರಿಗೂ ಒಂದೇ ಎಂಬುದು ದೊಡ್ಡ ಮಾತು. ಆದರೆ ಅದರ ಬೆಲೆ ತೆತ್ತವರು 23 ವರ್ಷದ ಒಬ್ಬ ತರುಣ, ಅದೂ ತಮ್ಮ ಓಟದ ಉತ್ತುಂಗದಲ್ಲಿ. 800 ಮೀಟರ್ ಓಟಗಾರನಿಗೆ ಅಂಥ ವರ್ಷಗಳು ಸಿಗುವುದು ಮೂರೋ ನಾಲ್ಕೋ. ಒಲಿಂಪಿಕ್ ಬರುವುದು ನಾಲ್ಕು ವರ್ಷಕ್ಕೊಮ್ಮೆ.

ಈ ಓಟ ಏಕೆ ಕಷ್ಟ?

ಶಾಲಾ ಕ್ರೀಡಾಕೂಟಗಳಲ್ಲಿ 800 ಮೀಟರ್ ನೋಡಿದವರಿಗೆ ಗೊತ್ತು: ಮೊದಲ ಸುತ್ತಿನಲ್ಲಿ ಹುಡುಗರು ಬಾಣದಂತೆ ಹೋಗುತ್ತಾರೆ, ಎರಡನೆಯ ಸುತ್ತಿನಲ್ಲಿ ಪಕ್ಕೆ ಹಿಡಿದುಕೊಂಡು ನಡೆಯುತ್ತಾರೆ. 400 ಮೀಟರಿನ ಟ್ರ್ಯಾಕ್‌ನಲ್ಲಿ ಎರಡೇ ಸುತ್ತು. ವೇಗದ ಓಟ ಎನ್ನಲು ದೂರ ಹೆಚ್ಚು, ದೂರದ ಓಟ ಎನ್ನಲು ವೇಗ ಹೆಚ್ಚು. ದೇಹಕ್ಕೆ ಬೇಕಾದ ಶಕ್ತಿಯ ಅರ್ಧಕ್ಕಿಂತ ಹೆಚ್ಚು ಭಾಗ ಉಸಿರಾಡುವ ಆಮ್ಲಜನಕದ ಬಲದಿಂದ ಬರುತ್ತದೆ. ಉಳಿದದ್ದನ್ನು ಸ್ನಾಯುಗಳು ಆಮ್ಲಜನಕವಿಲ್ಲದೆಯೇ ಉತ್ಪಾದಿಸಬೇಕು. ಹಾಗೆ ಉತ್ಪಾದಿಸುವಾಗ ಸ್ನಾಯುಗಳಲ್ಲಿ ಆಮ್ಲೀಯತೆ ಏರಿ ಕಾಲು ಕಲ್ಲಾಗುತ್ತದೆ. ಕೊನೆಯ ನೂರು ಮೀಟರಿನಲ್ಲಿ ಯಾರೂ ವೇಗ ಹೆಚ್ಚಿಸುವುದಿಲ್ಲ. ಕಡಿಮೆ ನಿಧಾನವಾದವನು ಗೆಲ್ಲುತ್ತಾನೆ ಎಂಬ ಮಾತು ಸುಮಾರಾಗಿ ನಿಜ.

ಇದಲ್ಲದೆ ಮೊದಲ ತಿರುವು ಮುಗಿಯುವವರೆಗೆ ಮಾತ್ರ ಓಟಗಾರರು ತಮ್ಮ ತಮ್ಮ ಲೇನ್‌ಗಳಲ್ಲಿ ಇರುತ್ತಾರೆ. ಆಮೇಲೆ ಎಲ್ಲರೂ ಒಳ ಅಂಚಿಗೆ ನುಗ್ಗುತ್ತಾರೆ. ಮೊಣಕೈ ತಗಲುತ್ತದೆ, ದಾರಿ ಮುಚ್ಚುತ್ತದೆ. ಹಣ ಕೊಡುವ ಯೂರೋಪಿನ ಕೂಟಗಳಲ್ಲಿ ಮೊದಲ ಸುತ್ತಿಗೆ ವೇಗ ಕಟ್ಟಿಕೊಡಲು ಪೇಸ್‌ಮೇಕರ್ ಒಬ್ಬರನ್ನು ಓಡಿಸುತ್ತಾರೆ. ದಾಖಲೆಗಳು ಬಹುಪಾಲು ಹುಟ್ಟುವುದು ಅಲ್ಲಿ. ಒಲಿಂಪಿಕ್‌ನಲ್ಲಿ ಪೇಸ್‌ಮೇಕರ್ ಇಲ್ಲ. ಅಲ್ಲಿ ಕಾಲಿನಷ್ಟೇ ತಲೆಯೂ ಓಡಬೇಕು. ಈ ವ್ಯತ್ಯಾಸ ಗೊತ್ತಿದ್ದರೆ ಕಿಪ್‌ಕೆಟರ್ ಅವರ ಮುಂದಿನ ಕಥೆ ಅರ್ಥವಾಗುತ್ತದೆ.

ಹದಿನಾರು ವರ್ಷದ ಗೋಡೆ

ಇಂಗ್ಲೆಂಡಿನ ಸೆಬಾಸ್ಟಿಯನ್ ಕೋ 1981ರ ಜೂನ್ 10ರಂದು ಇಟಲಿಯ ಫ್ಲಾರೆನ್ಸ್‌ನಲ್ಲಿ 1 ನಿಮಿಷ 41.73 ಸೆಕೆಂಡುಗಳ ವಿಶ್ವ ದಾಖಲೆ ಮಾಡಿದ್ದರು. ಹದಿನಾರು ವರ್ಷ ಅದನ್ನು ಯಾರೂ ಅಲುಗಿಸಿರಲಿಲ್ಲ. ಒಲಿಂಪಿಕ್ ತಪ್ಪಿದ ಕಿಪ್‌ಕೆಟರ್ 1997ರಲ್ಲಿ ಈ ಗೋಡೆಯ ಮೇಲೆ ಬಿದ್ದರು.

ಮಾರ್ಚ್‌ನಲ್ಲಿ ಪ್ಯಾರಿಸ್‌ನ ವಿಶ್ವ ಒಳಾಂಗಣ ಚಾಂಪಿಯನ್‌ಷಿಪ್. ಒಳಾಂಗಣದ ಟ್ರ್ಯಾಕ್ 200 ಮೀಟರಿನದು. ಎಂಟು ನೂರಕ್ಕೆ ನಾಲ್ಕು ಸುತ್ತು, ಇಕ್ಕಟ್ಟಿನ ತಿರುವುಗಳು. ಅಲ್ಲಿ ಪ್ರಾಥಮಿಕ ಸುತ್ತಿನಲ್ಲೇ 1 ನಿಮಿಷ 43.96 ಸೆಕೆಂಡುಗಳ ವಿಶ್ವ ದಾಖಲೆ. ಎರಡು ದಿನ ಬಿಟ್ಟು ಫೈನಲ್‌ನಲ್ಲಿ 1 ನಿಮಿಷ 42.67. ಪ್ರಾಥಮಿಕ ಸುತ್ತಿನಲ್ಲಿ ಸಾಮಾನ್ಯವಾಗಿ ಓಟಗಾರರು ಶಕ್ತಿ ಉಳಿಸಿಕೊಳ್ಳುತ್ತಾರೆ. ಕಿಪ್‌ಕೆಟರ್ ಅವರಿಗೆ ಉಳಿಸಿಕೊಳ್ಳುವ ಅಗತ್ಯವೇ ಕಾಣಲಿಲ್ಲ. ಫೈನಲ್‌ನ ಆ ದಾಖಲೆ ಕಾಲು ಶತಮಾನಕ್ಕೂ ಹೆಚ್ಚು ಕಾಲ ಉಳಿಯಿತು.

ಜುಲೈ 7ರಂದು ಸ್ಟಾಕ್‌ಹೋಂನಲ್ಲಿ ಅವರ ಸಮಯ 1 ನಿಮಿಷ 41.73. ಕೋ ಅವರ ದಾಖಲೆಗೆ ನೂರನೇ ಒಂದು ಸೆಕೆಂಡೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಆಗಸ್ಟ್‌ನಲ್ಲಿ ಅಥೆನ್ಸ್‌ನಲ್ಲಿ ಎರಡನೆಯ ಬಾರಿ ವಿಶ್ವ ಚಾಂಪಿಯನ್. ಆಗಸ್ಟ್ 13ರಂದು ಜ್ಯೂರಿಕ್‌ನಲ್ಲಿ 1 ನಿಮಿಷ 41.24, ದಾಖಲೆ ಈಗ ಅವರೊಬ್ಬರದೇ. ಹನ್ನೊಂದು ದಿನ ಕಳೆದು ಜರ್ಮನಿಯ ಕೊಲೋನ್‌ನಲ್ಲಿ 1 ನಿಮಿಷ 41.11. ಸರಾಸರಿ ನೋಡಿದರೆ ಪ್ರತಿ ನೂರು ಮೀಟರಿಗೆ 12.64 ಸೆಕೆಂಡು, ಅದೂ ಎಂಟು ಬಾರಿ ಬಿಡುವಿಲ್ಲದೆ. ಗಂಟೆಗೆ 28 ಕಿಲೋಮೀಟರಿಗೂ ಮೀರಿದ ವೇಗ.

ಒಂದು ಮೊಳದ ಸೋಲು

1998ರಲ್ಲಿ ಕಿಪ್‌ಕೆಟರ್ ಅವರಿಗೆ ಮಲೇರಿಯ ಬಡಿಯಿತು. ಆ ವರ್ಷ ಹಾಳಾಯಿತು. ಚೇತರಿಸಿಕೊಂಡು 1999ರಲ್ಲಿ ಸ್ಪೇನಿನ ಸೆವಿಲ್‌ನಲ್ಲಿ ಮೂರನೆಯ ಬಾರಿ ವಿಶ್ವ ಚಾಂಪಿಯನ್ ಆದರು. ಆದರೆ ಸೆಪೆಂಗ್ ಅವರಿಗಿಂತ ಕೇವಲ 0.02 ಸೆಕೆಂಡ್ ಮುಂದೆ. ಹಳೆಯ ಅಂತರ ಉಳಿದಿರಲಿಲ್ಲ.

2000ದಲ್ಲಿ ಸಿಡ್ನಿ ಒಲಿಂಪಿಕ್ ಬಂತು. ಈಗ ಕಾಗದ ಸರಿಯಿತ್ತು. ಕಿಪ್‌ಕೆಟರ್ ಡೆನ್ಮಾರ್ಕಿನ ಪ್ರಜೆಯಾಗಿ ಗೆರೆಯ ಮೇಲೆ ನಿಂತರು. ಎಲ್ಲರ ಕಣ್ಣು ಅವರ ಮೇಲೆಯೇ. ಫೈನಲ್ ನಿಧಾನವಾಗಿ ನಡೆಯಿತು. ಪೇಸ್‌ಮೇಕರ್ ಇಲ್ಲದ ಓಟದಲ್ಲಿ ಯಾರೂ ಮುಂದಾಳತ್ವ ವಹಿಸಲು ಇಷ್ಟಪಡುವುದಿಲ್ಲ. ಕೊನೆಯ ನೇರ ದಾರಿಯಲ್ಲಿ ಜರ್ಮನಿಯ ನಿಲ್ಸ್ ಶೂಮನ್ ಮುಂದಿದ್ದರು. ಹಿಂದಿನಿಂದ ಕಿಪ್‌ಕೆಟರ್ ಏರಿ ಬಂದರು, ಆದರೆ ಅಷ್ಟರಲ್ಲಿ ಗೆರೆ ಬಂದಿತ್ತು. ಶೂಮನ್ 1 ನಿಮಿಷ 45.08, ಕಿಪ್‌ಕೆಟರ್ 1 ನಿಮಿಷ 45.14. ವ್ಯತ್ಯಾಸ 0.06 ಸೆಕೆಂಡ್. ಆ ವೇಗದಲ್ಲಿ ಅದು ಒಂದು ಮೊಳದ ದೂರ.

ಇನ್ನೊಂದು ಸಂಗತಿ ಗಮನಿಸಿ. ಶೂಮನ್ ಚಿನ್ನ ಗೆದ್ದ ಸಮಯ, ಐದು ವರ್ಷದ ಹಿಂದೆ ಗೋಥೆನ್‌ಬರ್ಗ್‌ನಲ್ಲಿ ಕಿಪ್‌ಕೆಟರ್ ವಿಶ್ವ ಚಾಂಪಿಯನ್ ಆದ ಸಮಯ, ಎರಡೂ ಒಂದೇ: 1 ನಿಮಿಷ 45.08. ಅವರ ದಾಖಲೆಗಿಂತ ಸುಮಾರು ನಾಲ್ಕು ಸೆಕೆಂಡ್ ನಿಧಾನವಾದ ಓಟಕ್ಕೆ ಒಲಿಂಪಿಕ್ ಚಿನ್ನ ಸಿಕ್ಕಿತು, ಅವರಿಗಲ್ಲ.

2002ರಲ್ಲಿ ಮ್ಯೂನಿಕ್‌ನಲ್ಲಿ ಯೂರೋಪಿಯನ್ ಚಾಂಪಿಯನ್ ಆದ ಅವರು 2004ರ ಅಥೆನ್ಸ್ ಒಲಿಂಪಿಕ್‌ನಲ್ಲಿ ಮತ್ತೆ ಓಡಿದರು. ವಯಸ್ಸು 31. ರಷ್ಯದ ಯೂರಿ ಬೊರ್ಜಕೊವ್‌ಸ್ಕಿ ಕೊನೆಯಲ್ಲಿ ಎಲ್ಲರನ್ನೂ ದಾಟಿ ಗೆದ್ದರು. ಕಿಪ್‌ಕೆಟರ್‌ಗೆ ಕಂಚು. 2005ರಲ್ಲಿ ಅವರು ಓಟಕ್ಕೆ ವಿದಾಯ ಹೇಳಿದರು.

ಅವರಿಗಿಂತ ಮೊದಲು ದಾಖಲೆ ಹೊಂದಿದ್ದ ಕೋ ಅವರಿಗೂ 800 ಮೀಟರಿನ ಒಲಿಂಪಿಕ್ ಚಿನ್ನ ಒಲಿದಿರಲಿಲ್ಲ ಎಂಬುದು ಸಮಾಧಾನವೋ ವಿಪರ್ಯಾಸವೋ ತಿಳಿಯದು. 1980ರಲ್ಲೂ 1984ರಲ್ಲೂ ಅವರಿಗೆ ಸಿಕ್ಕಿದ್ದು ಬೆಳ್ಳಿ. ಆದರೆ ಕೋ ಓಡಿ ಸೋತರು. ಎರಡು ಬಾರಿಯೂ 1500 ಮೀಟರಿನ ಚಿನ್ನ ಗೆದ್ದು ಆ ನೋವು ಮರೆತರು. ಕಿಪ್‌ಕೆಟರ್ ಅವರಿಗೆ ತಮ್ಮ ಅತ್ಯುತ್ತಮ ವರ್ಷದಲ್ಲಿ ಸೋಲುವ ಅವಕಾಶವೂ ಸಿಗಲಿಲ್ಲ.

ದೇಶ ಬದಲಿಸುವವರು

ಕಿಪ್‌ಕೆಟರ್ ಅವರ ನಂತರ ದೇಶ ಬದಲಿಸಿದ ಕೀನ್ಯಾ ಓಟಗಾರರ ಸಾಲು ಬೆಳೆಯಿತು. 2003ರಲ್ಲಿ ಸ್ಟೀಫನ್ ಚೆರೋನೊ ಎಂಬ ಸ್ಟೀಪಲ್‌ಚೇಸ್ ಓಟಗಾರ ಕತಾರ್ ಸೇರಿ ಸೈಫ್ ಸಯೀದ್ ಶಹೀನ್ ಆದರು. ಅದೇ ವರ್ಷ ಕತಾರ್ ಪರ ವಿಶ್ವ ಚಾಂಪಿಯನ್ ಪಟ್ಟ ಗೆದ್ದರು. ದೇಶ ಬದಲಿಸಿದವರು ಹೊಸ ದೇಶದ ಪರ ಒಲಿಂಪಿಕ್‌ನಲ್ಲಿ ಓಡಲು ಮೂರು ವರ್ಷ ಕಾಯಬೇಕು, ಹಳೆಯ ದೇಶ ಒಪ್ಪಿದರೆ ಮಾತ್ರ ವಿನಾಯಿತಿ. ಕೀನ್ಯಾ ಒಪ್ಪಲಿಲ್ಲ. ಶಹೀನ್ 2004ರ ಅಥೆನ್ಸ್ ಕೂಟ ತಪ್ಪಿಸಿಕೊಂಡರು. ಕೂಟ ಮುಗಿದ ಕೆಲವೇ ದಿನಕ್ಕೆ ಬ್ರಸೆಲ್ಸ್‌ನಲ್ಲಿ ವಿಶ್ವ ದಾಖಲೆ ಮಾಡಿದರು. ಕಿಪ್‌ಕೆಟರ್ ಅವರ 1996 ಮತ್ತೆ ನಡೆದಂತಿತ್ತು.

ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಒಬ್ಬರು ಓದಲು ಹೋಗಿ, ವರ್ಷಗಟ್ಟಲೆ ಅಲ್ಲಿ ಬದುಕಿ, ಆ ಊರಿನವರಾದರು. ಇನ್ನೊಂದು ಬಗೆಯಲ್ಲಿ ಪದಕ ಬೇಕಾದ ದೇಶ ಓಟಗಾರರನ್ನು ಹಣ ಕೊಟ್ಟು ಕರೆಸಿಕೊಳ್ಳುತ್ತದೆ. ನಿಯಮ ಬರೆಯುವವರಿಗೆ ಈ ಎರಡರ ನಡುವೆ ಗೆರೆ ಎಳೆಯುವುದು ಸುಲಭವಲ್ಲ. ಈ ವ್ಯವಹಾರ ಮಿತಿಮೀರಿತೆಂದು 2017ರಲ್ಲಿ ಅಂತರರಾಷ್ಟ್ರೀಯ ಫೆಡರೇಷನ್ ದೇಶ ಬದಲಾವಣೆಯನ್ನೇ ತಡೆಹಿಡಿದು, ಮರುವರ್ಷ ಬಿಗಿಯಾದ ನಿಯಮ ತಂದಿತು. ಆಗ ಫೆಡರೇಷನ್ನಿನ ಅಧ್ಯಕ್ಷರಾಗಿದ್ದವರು ಬೇರೆ ಯಾರೂ ಅಲ್ಲ, ಸೆಬಾಸ್ಟಿಯನ್ ಕೋ.

ನಿಯಮ ಬೇಡವೆನ್ನಲಾಗದು. ನಿಯಮವಿಲ್ಲದಿದ್ದರೆ ಒಲಿಂಪಿಕ್ ಸಂತೆಯಾಗುತ್ತದೆ. ಆದರೆ ಸಂತೆ ತಡೆಯಲು ಹಾಕಿದ ಬೇಲಿಗೆ ಮನೆ ಕಟ್ಟಲು ಬಂದವನೂ ಸಿಕ್ಕಿಕೊಳ್ಳುತ್ತಾನೆ ಎಂಬುದನ್ನು 1996 ತೋರಿಸಿತು.

ದಾಖಲೆ ಊರಿಗೆ ಮರಳಿತು

ಕೊಲೋನ್‌ನ 1 ನಿಮಿಷ 41.11 ಸೆಕೆಂಡುಗಳ ದಾಖಲೆ ಉಳಿದದ್ದು ಹದಿಮೂರು ವರ್ಷಕ್ಕೆ ಎರಡು ದಿನ ಕಡಿಮೆ. 2010ರ ಆಗಸ್ಟ್ 22ರಂದು ಬರ್ಲಿನ್‌ನಲ್ಲಿ ಕೀನ್ಯಾದ ಡೇವಿಡ್ ರುಡಿಶಾ 1 ನಿಮಿಷ 41.09ರಲ್ಲಿ ಓಡಿದರು. ವ್ಯತ್ಯಾಸ 0.02 ಸೆಕೆಂಡ್, ದೂರದಲ್ಲಿ ಒಂದು ಗೇಣಿಗೂ ಕಡಿಮೆ. ಎರಡು ವರ್ಷದ ಬಳಿಕ ಲಂಡನ್ ಒಲಿಂಪಿಕ್‌ನಲ್ಲಿ ರುಡಿಶಾ ಪೇಸ್‌ಮೇಕರ್ ಇಲ್ಲದೆ, ಮೊದಲಿನಿಂದ ಕೊನೆಯವರೆಗೆ ತಾವೇ ಮುಂದಿದ್ದು, 1 ನಿಮಿಷ 40.91ರಲ್ಲಿ ಗೆದ್ದರು. ಚಿನ್ನ ಮತ್ತು ವಿಶ್ವ ದಾಖಲೆ ಒಂದೇ ಓಟದಲ್ಲಿ ಬಂದವು.

ರುಡಿಶಾ ಅವರನ್ನು ತಯಾರು ಮಾಡಿದವರು ಯಾರು? ಇಟೆನ್‌ನ ಅದೇ ಬ್ರದರ್ ಕೋಮ್ ಓಕಾನಲ್. ಡೆನ್ಮಾರ್ಕಿನ ಓಟಗಾರನಿಂದ ಕೀನ್ಯಾದ ಓಟಗಾರನಿಗೆ ದಾಖಲೆ ಹೋಯಿತು ಎಂದು ಪಟ್ಟಿಗಳು ಬರೆದುಕೊಂಡವು. ನಿಜವಾಗಿ ಅದು ಒಬ್ಬ ಮೇಷ್ಟರ ಹಿರಿಯ ಶಿಷ್ಯನಿಂದ ಕಿರಿಯ ಶಿಷ್ಯನಿಗೆ ಹೋಯಿತು.

2024ರ ಆಗಸ್ಟ್‌ನಲ್ಲಿ, ಪ್ಯಾರಿಸ್ ಒಲಿಂಪಿಕ್ ಚಿನ್ನ ಗೆದ್ದ ಕೆಲವೇ ದಿನಗಳಲ್ಲಿ, ಕೀನ್ಯಾದ ಇಮ್ಯಾನುಯೆಲ್ ವಾನ್ಯೊನ್ಯಿ ಸ್ವಿಟ್ಜರ್ಲೆಂಡಿನ ಲೌಸಾನ್‌ನಲ್ಲಿ 1 ನಿಮಿಷ 41.11ರಲ್ಲಿ ಓಡಿ ಕಿಪ್‌ಕೆಟರ್ ಅವರ ಸಮಯವನ್ನು ಮುಟ್ಟಿದರು. ಇಪ್ಪತ್ತೇಳು ವರ್ಷ ಕಳೆದಿತ್ತು. ಅಲ್ಲಿಯವರೆಗೆ ಅದಕ್ಕಿಂತ ವೇಗವಾಗಿ ಓಡಿದ್ದವರು ರುಡಿಶಾ ಒಬ್ಬರೇ.

ಆ ದಿನ ಲೌಸಾನ್‌ನ ಫಲಕದಲ್ಲಿ ಮೂಡಿದ ಅಂಕಿಯನ್ನು ಕಂಡವರಿಗೆ ನೆನಪಾದದ್ದು ಯಾವ ದೇಶವೂ ಅಲ್ಲ, ಕಿಪ್‌ಕೆಟರ್ ಎಂಬ ಹೆಸರು. ಪದಕವನ್ನು ದೇಶದ ಲೆಕ್ಕಕ್ಕೆ ಬರೆಯುತ್ತಾರೆ. ಸಮಯ ಮಾತ್ರ ಓಡಿದವನದು.